ವೃದ್ಧರ ಸ್ವತಂತ್ರ ಜೀವನಕ್ಕೆ ಸಂವೇದಕ ತಂತ್ರಜ್ಞಾನ: ಐರ್ಲೆಂಡ್

ವಯಸ್ಸಾದವರು ತಮ್ಮ ಮನೆಯಲ್ಲೇ ಆದಷ್ಟು ಕಾಲ ಸ್ವತಂತ್ರವಾಗಿ ಬಾಳಲು ನೆರವಾಗುವ ಸಂವೇದಕಗಳ ಸಂಶೋಧನೆ ಐರ್ಲೆಂಡಿನಲ್ಲಿ ವ್ಯವಸ್ಥಿತ ರೂಪ ಪಡೆದದ್ದು 2007ರಲ್ಲಿ, ಟ್ರಿಲ್ ಕೇಂದ್ರದ ಸ್ಥಾಪನೆಯೊಂದಿಗೆ. ಇಂಟೆಲ್ ಕಂಪನಿಯೊಡನೆ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್, ಟ್ರಿನಿಟಿ ಕಾಲೇಜು ಮತ್ತು ಗಾಲ್ವೇ ವಿಶ್ವವಿದ್ಯಾಲಯ ಇದರಲ್ಲಿ ಕೈಜೋಡಿಸಿದವು.

ಬೀಳುವ ಅಪಾಯದ ಅಳತೆ: ಕೇಂದ್ರದ ಅತ್ಯಂತ ಮುಖ್ಯ ಕೊಡುಗೆ ಇದೇ ಎನ್ನಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಹಿಡಿಯಿತು ಎಂದು ವೈದ್ಯರು ಗಡಿಯಾರ ಹಿಡಿದು ನೋಡುವ ಪರೀಕ್ಷೆಯೊಂದು 1991ರಿಂದ ಬಳಕೆಯಲ್ಲಿದೆ. ಅದರಿಂದ ಸಿಗುವುದು ಒಂದೇ ಅಂಕಿ. ಒಂದೇ ಹೊತ್ತಿನಲ್ಲಿ ನಡಿಗೆ ಮುಗಿಸಿದ ಇಬ್ಬರಲ್ಲಿ ಒಬ್ಬರು ತಿರುಗುವಾಗ ತಡವರಿಸಿರಬಹುದು, ಇನ್ನೊಬ್ಬರು ಏಳುವಾಗ. ಟ್ರಿಲ್ ಸಂಶೋಧಕರು ಎರಡೂ ಕಾಲುಗಳಿಗೆ, ಮೊಣಕಾಲ ಕೆಳಗೆ ಮುಂಬದಿಗೆ, ಶಿಮ್ಮರ್ ಎಂಬ ಪುಟ್ಟ ನಿಸ್ತಂತು ಸಂವೇದಕ ಕಟ್ಟಿದರು. ಅದರೊಳಗಿನ ಗೈರೊಸ್ಕೋಪ್ ಕಾಲು ಬೀಸುವ ಕೋನವೇಗವನ್ನು ದಾಖಲಿಸುತ್ತದೆ. ಕಾಲು ಗಾಳಿಯಲ್ಲಿ ಮುಂದಕ್ಕೆ ಸಾಗುವಾಗ ರೇಖೆ ಎತ್ತರಕ್ಕೇರುತ್ತದೆ. ಹಿಮ್ಮಡಿ ನೆಲ ಮುಟ್ಟಿದಾಗ ಮತ್ತು ಹೆಬ್ಬೆರಳು ನೆಲ ಬಿಟ್ಟಾಗ ತಗ್ಗುಗಳು ಮೂಡುತ್ತವೆ. ಈ ತಗ್ಗುಗಳ ನಡುವಣ ಅಂತರದಿಂದ ಪ್ರತಿ ಹೆಜ್ಜೆಯ ಕಾಲಾವಧಿ, ಹೆಜ್ಜೆಯಿಂದ ಹೆಜ್ಜೆಗೆ ಆಗುವ ಏರುಪೇರು, ತಿರುಗಲು ಬೇಕಾದ ಹೊತ್ತು ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. 349 ವೃದ್ಧರ ಮೇಲಿನ 2010ರ ಅಧ್ಯಯನದಲ್ಲಿ, ಹಿಂದೆ ಬಿದ್ದಿದ್ದವರನ್ನು ಈ ವಿಧಾನ ಸುಮಾರು 77% ನಿಖರತೆಯಿಂದ ಗುರುತಿಸಿತು. ಬರಿಯ ಗಡಿಯಾರದ ನಿಖರತೆ ಸುಮಾರು 61%. ಆದರೆ ಈಗಾಗಲೇ ಬಿದ್ದವರನ್ನು ಗುರುತಿಸುವುದು ಬೇರೆ, ಮುಂದೆ ಬೀಳುವವರನ್ನು ಹೇಳುವುದು ಬೇರೆ. ಈ ಅಂಕಿಯನ್ನು ಭವಿಷ್ಯವಾಣಿ ಎಂದು ಓದಬಾರದು. ಈ ವಿಧಾನವನ್ನು ಕಿನೆಸಿಸ್ ಎಂಬ ಡಬ್ಲಿನ್ ಕಂಪನಿ ಮುಂದೆ ವೈದ್ಯಕೀಯ ಉಪಕರಣವಾಗಿ ರೂಪಿಸಿತು.

ಸಂವೇದಕಗಳುಳ್ಳ ಮನೆಗಳು: ಡಂಡಾಕ್ ಪಟ್ಟಣದಲ್ಲಿ 2010ರಲ್ಲಿ ತೆರೆದ ವೃದ್ಧರ ವಸತಿ ಸಮುಚ್ಚಯ ಗ್ರೇಟ್ ನಾರ್ದರ್ನ್ ಹೇವನ್‌ನಲ್ಲಿ 16 ಮನೆಗಳಿವೆ. ಚಲನೆ, ಬಾಗಿಲು, ಬೆಳಕು, ಉಷ್ಣತೆ, ವಿದ್ಯುತ್ ಬಳಕೆಗಳನ್ನು ಗಮನಿಸುವ ಸಂವೇದಕಗಳನ್ನು ಕಟ್ಟುವಾಗಲೇ ಅಳವಡಿಸಲಾಯಿತು. ಕ್ಯಾಮೆರಾ ಇಲ್ಲದೆಯೂ ನಿವಾಸಿಯ ದಿನಚರಿ ಬದಲಾದದ್ದು ಇವುಗಳಿಂದ ತಿಳಿಯುತ್ತದೆ. ಇಷ್ಟು ಕಡಿಮೆ ಮನೆಗಳ ಅನುಭವದಿಂದ ಆರೋಗ್ಯಲಾಭವನ್ನು ಲೆಕ್ಕಹಾಕುವುದು ಕಷ್ಟ.

ರಕ್ತದೊತ್ತಡ: ಎದ್ದು ನಿಂತಾಗ ರಕ್ತದೊತ್ತಡ ಕುಸಿದರೂ ಬೀಳುವ ಅಪಾಯವಿದೆ. ವೃದ್ಧರೋಗತಜ್ಞೆ ರೋಸ್ ಆ್ಯನ್ ಕೆನ್ನಿ ಅವರ ನೇತೃತ್ವದಲ್ಲಿ, ವಯಸ್ಸಾಗುವಿಕೆ ಕುರಿತ ಟಿಲ್ಡಾ ಅಧ್ಯಯನ 50 ದಾಟಿದ 8,000ಕ್ಕೂ ಹೆಚ್ಚು ಜನರೊಂದಿಗೆ 2009ರಲ್ಲಿ ಆರಂಭವಾಯಿತು. ಎದ್ದು ನಿಂತ ಕ್ಷಣದಿಂದ ಪ್ರತಿ ಬಡಿತದ ರಕ್ತದೊತ್ತಡವನ್ನು ಬೆರಳಿನ ಪಟ್ಟಿಯಿಂದ ಇಲ್ಲಿ ಅಳೆಯಲಾಯಿತು. ತೋಳಿನ ಸಾಮಾನ್ಯ ಪಟ್ಟಿ ಉಬ್ಬಿ ಇಳಿಯುವಷ್ಟರಲ್ಲಿ ಮೊದಲ ಕೆಲವು ಸೆಕೆಂಡುಗಳ ಕುಸಿತ ಕೈತಪ್ಪಿಹೋಗುತ್ತದೆ.

ಸರ್ಕಾರಿ ಯೋಜನೆ: ಸೀನಿಯರ್ಸ್ ಅಲರ್ಟ್ ಯೋಜನೆ 65 ದಾಟಿದ ಅರ್ಹರಿಗೆ ಕೊರಳಿಗೋ ಮಣಿಕಟ್ಟಿಗೋ ಧರಿಸುವ ಕರೆಗುಂಡಿಗೆ ಧನಸಹಾಯ ನೀಡುತ್ತದೆ. ಆದರೆ ಬಿದ್ದು ಪ್ರಜ್ಞೆ ತಪ್ಪಿದವರು ಗುಂಡಿ ಒತ್ತಲಾರರು.