ಒಡ್ಡಿನ ಮೇಲಿನ ಗೆರೆ, ಒಡ್ಡಿನ ಕೆಳಗಿನ ಗೆರೆ: ಧುಪದಾಳದಿಂದ ಕಂಡ ಧಾರಾರೇಖೆಯ ಚರಿತ್ರೆ

ಘಟಪ್ರಭಾ ನದಿಗೆ ಗೋಕಾಕ ಸೀಮೆಯ ಧುಪದಾಳದಲ್ಲಿ ಕಟ್ಟಿದ ಒಡ್ಡೂ ಅಲ್ಲಿಂದ ಹೊರಟ 71 ಕಿ.ಮೀ. ಎಡದಂಡೆ ಕಾಲುವೆಯೂ 1897ರಲ್ಲಿ ಮುಗಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಿವರ್‌ಪೂಲಿನಲ್ಲಿ ಹೆನ್ರಿ ಹೀಲಿ-ಷಾ ಎರಡು ಗಾಜಿನ ಹಲಗೆಗಳ ನಡುವಿನ ಕಿರುಸಂದಿಯಲ್ಲಿ ಬಣ್ಣದ ಎಳೆಗಳನ್ನು ಹರಿಯಬಿಟ್ಟು, ದ್ರವವು ಅಡ್ಡಿಯನ್ನು ಬಳಸಿ ಹೋಗುವ ಬಗೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದ. ಇವೆರಡಕ್ಕೂ ಒಂದಕ್ಕೊಂದರ ಸುಳಿವಿರಲಿಲ್ಲ. ಹಾಗಾದರೆ ಧಾರಾರೇಖೆ ನಮ್ಮ ನೀರಾವರಿ ಎಂಜಿನಿಯರನ ಕೈಗೆ ಬಂದದ್ದು ಯಾವ ದಾರಿಯಿಂದ? ಒಡ್ಡಿನ ತಳದ ಮರಳಿನಿಂದ ಎಂಬುದು ನನ್ನ ವಾದ.

ಮೊದಲು ಶಬ್ದದ ಗೊಂದಲ ತೀರಲಿ. ಹೊಳೆದಂಡೆಯವರು ಸೆಳವು, ಸುಳಿ, ಮಡುಗಳನ್ನು ಎಂದೂ ಕಲಸುವುದಿಲ್ಲ. ಪಠ್ಯ ಓದಿದವರೇ ಕಲಸುವುದು. ಒಡ್ಡಿನತ್ತ ತೇಲುವ ಎಲೆಯೊಂದು ಸಾಗಿದ ಹಾದಿ ಒಂದು ಗೆರೆ. ಹಳ್ಳ ಬಂದು ಸೇರುವಲ್ಲಿಂದ ಉದ್ದಕ್ಕೆ ಚಾಚಿದ ಕೆಂಪು ರಾಡಿಯ ಪಟ್ಟೆ ಇನ್ನೊಂದು. ಧಾರಾರೇಖೆ ಮೂರನೆಯದು: ಒಂದೇ ಕ್ಷಣದಲ್ಲಿ, ಎಲ್ಲೆಲ್ಲಿ ನೀರು ಎತ್ತ ಮುಖಮಾಡಿದೆಯೋ ಅತ್ತತ್ತಲೇ ಹೊರಳುತ್ತ ಎಳೆದ ಗೆರೆ. ಹರಿವು ಬದಲಾಗದೆ ಇದ್ದರೆ ಮೂರೂ ಒಂದೇ. ಚಳಿಗಾಲದಲ್ಲಿ, ವಲಸೆ ಹಕ್ಕಿಗಳು ಹಿನ್ನೀರಿಗೆ ಇಳಿಯುವಾಗ (1974ರಿಂದ ಇದು ಪಕ್ಷಿಧಾಮ), ಈ ಮಾತು ಬಹುಮಟ್ಟಿಗೆ ಸರಿ. 2019ರ ಆಗಸ್ಟಿನಂಥ ಮಹಾಪೂರದಲ್ಲಿ ಮೂರೂ ಮೂರು ದಿಕ್ಕು.

ಗಣಿತ ಮೊದಲೇ ಸಿದ್ಧವಾಗಿತ್ತು. ಆಯ್ಲರ್ 1757ರಲ್ಲಿ ದ್ರವಚಲನೆಯ ಸಮೀಕರಣಗಳನ್ನು ಪ್ರಕಟಿಸಿದ, ಲಗ್ರಾಂಜ್ 1781ರಲ್ಲಿ ಗೆರೆಗಳನ್ನೇ ಅಳೆಯುವ ಫಲನ ಕೊಟ್ಟ, ರ‍್ಯಾಂಕಿನ್ 1864ರಲ್ಲಿ ಅದನ್ನು ಹಡಗಿನ ಒಡಲಿಗೆ ಹಚ್ಚಿದ. ಒಡ್ಡು ಕಟ್ಟುವವನಿಗೆ ಇದಾವುದೂ ಬೇಕಾಗಿರಲಿಲ್ಲ. ಪೊಲೇನಿ 1717ರಷ್ಟು ಹಿಂದೆಯೇ ತೋರಿಸಿದ ದಾರಿ ಸಾಕಿತ್ತು: ಒಡ್ಡಿನ ನೆತ್ತಿಯ ಮೇಲೆ ನೀರಿನ ಎತ್ತರ ಇಮ್ಮಡಿಯಾದರೆ ಹರಿಯುವ ನೀರು ಸುಮಾರು 2.8 ಪಟ್ಟು. ಲೆಕ್ಕ ಮುಗಿಯಿತು.

ಕಷ್ಟ ಬಂದದ್ದು ಕೆಳಗಿನಿಂದ. ಚಿನಾಬ್ ನದಿಯ ಖಾಂಕಿ ಒಡ್ಡು 1895ರಲ್ಲಿ ಹಾಳಾಯಿತು, ಗಂಗೆಯ ನರೋರಾ ಒಡ್ಡು 1898ರಲ್ಲಿ. ಮೇಲಿಂದ ಹಾರಿದ ನೀರಿಗಿಂತ ತಳದ ಮರಳಲ್ಲಿ ನುಸುಳಿದ ನೀರೇ ಅಪಾಯಕಾರಿ ಎಂದು ಆಗ ಮನವರಿಕೆಯಾಯಿತು. ನುಸುಳುವ ನೀರು ಕಟ್ಟಡದ ಅಡಿಗೆ ಅಂಟಿಕೊಂಡೇ ತೆವಳುತ್ತದೆ ಎಂದು ಬ್ಲೈ ಎಂಬ ಎಂಜಿನಿಯರ್ ನಂಬಿದ. ಅವನ 1910ರ ನಿಯಮ ಅಡಿಯ ಉದ್ದವನ್ನಷ್ಟೇ ಅಳೆಯುತ್ತಿತ್ತು. ಪಂಜಾಬಿನ ಕಾಲುವೆಗಳಲ್ಲಿ ಕೊಳವೆ ಹುಗಿದು ಒತ್ತಡ ಅಳೆದಾಗ ಅದು ತಾಳೆಯಾಗಲಿಲ್ಲ. ಎ. ಎನ್. ಖೋಸ್ಲಾ, ಬೋಸ್ ಮತ್ತು ಟೇಲರ್ 1936ರ ಗ್ರಂಥದಲ್ಲಿ ಮರಳೊಳಗಿನ ಧಾರಾರೇಖೆಗಳನ್ನೇ ಬಿಡಿಸಿದರು. ಗೆರೆಗಳು ಬಿಲ್ಲಿನಂತೆ ಬಾಗಿ, ಒಡ್ಡಿನ ಕೆಳಬದಿಯಲ್ಲಿ ಮೇಲೇಳುತ್ತವೆ; ಅಲ್ಲಿ ಅವು ದಟ್ಟವಾದಷ್ಟೂ ಮರಳು ಕದಲುವ ಭಯ ಹೆಚ್ಚು. ತುದಿಯಲ್ಲಿ ಆಳಕ್ಕೆ ಇಳಿಸಿದ ಗೋಡೆ ಆ ಗೆರೆಗಳನ್ನು ದೂರ ಸುತ್ತಿಸಿ ಸಡಿಲಿಸುತ್ತದೆ.

ಇಲ್ಲೊಂದು ಸೋಜಿಗವಿದೆ. ಜಿಗುಟಿಲ್ಲದ ಕಾಲ್ಪನಿಕ ದ್ರವದ ಗೆರೆಗಳು, ಜಿಗುಟೇ ಆಳುವ ಹೀಲಿ-ಷಾನ ಗಾಜಿನ ಸಂದಿಯಲ್ಲಿ ಮೂಡುವುದೇಕೆ ಎಂದು 1898ರಲ್ಲಿ ಸ್ಟೋಕ್ಸ್ ವಿವರಿಸಿದ. ಡಾರ್ಸಿ 1856ರಲ್ಲಿ ಕಂಡುಕೊಂಡ ನಿಯಮದಂತೆ ಮರಳೊಳಗಿನ ನೀರೂ ಈ ಗೆರೆಗಳನ್ನು ಆಳುವ ಸಮೀಕರಣಕ್ಕೇ ಬಗ್ಗುತ್ತದೆ. ಅಂದರೆ ಹೀಲಿ-ಷಾನ ಗಾಜು, ತಿಳಿಯದೆಯೇ, ಒಡ್ಡಿನ ತಳದ ಚಿತ್ರವಾಗಿತ್ತು.

ಪಂಜಾಬಿನ ಮರಳಿನ ಲೆಕ್ಕವನ್ನು ಗೋಕಾಕ ಸೀಮೆಗೆ ಹಾಗೇ ತರಬಾರದು. ಘಟಪ್ರಭೆ ಒಡ್ಡಿನಿಂದ ಕೆಲವೇ ಕಿಲೋಮೀಟರ್ ಕೆಳಗೆ ಮರಳುಗಲ್ಲಿನ ಬಂಡೆಯಿಂದ 52 ಮೀಟರ್ ಧುಮುಕುತ್ತಾಳೆ. ಇದು ಕಲ್ಲಿನ ನಾಡು. ಆದರೂ ಮೇಲಿನ ಗೆರೆಗಳ ಪಾಠ ಇಲ್ಲಿಯೂ ಉಂಟು. ನೆತ್ತಿಯ ಹತ್ತಿರ ಗೆರೆಗಳು ಒತ್ತಿಕೊಂಡು ಬಾಗುತ್ತವೆ, ನೀರಿನ ಮಟ್ಟ ಅಲ್ಲೇ ಕುಸಿಯುತ್ತದೆ. ಅದಕ್ಕೆಂದೇ ಒಡ್ಡಿನ ಮೇಲೆ ಹರಿಯುವ ನೀರನ್ನು ಲೆಕ್ಕ ಹಾಕುವ ಅಳತೆಪಟ್ಟಿಯನ್ನು ನೆತ್ತಿಯ ಮೇಲೆ ನಿಲ್ಲಿಸುವುದಿಲ್ಲ. ಹರಿವಿನ ಎತ್ತರದ ಮೂರುನಾಲ್ಕು ಪಟ್ಟು ದೂರ ಹಿಂದಕ್ಕೆ, ಗೆರೆಗಳು ಇನ್ನೂ ನೆಟ್ಟಗಿರುವಲ್ಲಿ ನಿಲ್ಲಿಸುತ್ತಾರೆ.