ಗಾಣಿಗನ ಹಿಂಡಿ, ಹಾಸನದ ಹೊಂಗೆ

ಹಳೆಯ ಕನ್ನಡದಲ್ಲಿ ಹರದ ಎಂದರೆ ವ್ಯಾಪಾರಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯನ್ನು ನಾಡು ಗುರುತಿಸುವುದು ದೇವೇಗೌಡರು ಹುಟ್ಟಿದ ಊರೆಂದು. ಹೆಸರಿನೊಳಗೆ ಮಾತ್ರ ಕೂತಿರುವುದು ತಕ್ಕಡಿ. ಈ ಸೀಮೆಯ ಹೊಂಗೆಯ ಕಥೆಯೂ ತಕ್ಕಡಿಯದೇ. ಎಣ್ಣೆ ಹಿಂಡಿದ ಮೇಲೆ ಉಳಿದದ್ದಕ್ಕೆ ಬೆಲೆ ಎಷ್ಟು?

1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಳ್ಳು, ಹರಳು, ಹಿಪ್ಪೆಗಳ ಜೊತೆ ಹೊಂಗೆಯನ್ನೂ ಗಾಣದ ಸರಕೆಂದು ಬರೆದುಕೊಂಡ. ಹೊಂಗೆಎಣ್ಣೆ ಕಹಿ, ಒಗ್ಗರಣೆಗೆ ಬಾರದು, ದೀಪಕ್ಕೆ ಬೇಕು. ಗಾಣಿಗರ ಒಂದು ಪಂಗಡ ತನ್ನನ್ನು ಜ್ಯೋತಿಪಣದವರೆಂದು ಕರೆದುಕೊಂಡದ್ದು ಸುಮ್ಮನೆ ಅಲ್ಲ. ಮರದ ಸೊಪ್ಪು ಗದ್ದೆಯ ಕೆಸರಿಗೆ ಹೋಗುತ್ತಿತ್ತು, ಹಿಂಡಿ ತೋಟದ ಬುಡಕ್ಕೆ. ಹಿಂಡಿಯಲ್ಲಿ ಶೇ 4ರಷ್ಟು ಸಾರಜನಕವಿದೆ. ಅದರ ಕಹಿಗೆ ದನ ಮೂಸಿ ಮುಖ ತಿರುಗಿಸುತ್ತದೆ. ಅದೇ ಕಹಿ ಗೆದ್ದಲಿಗೂ ಸೇರದು ಎನ್ನುವುದು ರೈತನಿಗೆ ಲಾಭ.

ಆಮೇಲೆ ಸೀಮೆಎಣ್ಣೆ ಬಂತು. ದೀಪದ ಗಿರಾಕಿ ಹೋದ, ಹಿಂಡಿಯ ಗಿರಾಕಿ ಉಳಿದ.

1900ರ ಪ್ಯಾರಿಸ್ ಮೇಳದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮಲ್ಲಿ ಆ ನೆನಪು ಮರಳಿದ್ದು ಹೆಚ್ಚುಕಡಿಮೆ ಶತಮಾನ ಕಳೆದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿಸಿದರು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಪಕ್ಕದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆಯಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿಗಳು ಬದುಗಳಿಗೆ ಹೋದವು. ಬೀಜ ಆಯ್ದು ಮಾರಲು ಹಳ್ಳಿಗಳಲ್ಲಿ ಸಂಘಗಳಾದವು.

ನಾಲ್ಕು ಕೆಜಿ ಬೀಜ ಅರೆದರೆ ಒಂದು ಲೀಟರ್ ಎಣ್ಣೆ ಸಿಗುತ್ತದೆ, ಮೂರು ಕೆಜಿಯಷ್ಟು ಹಿಂಡಿ ಉಳಿಯುತ್ತದೆ. ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಕಾಯಿಸಿದರೆ ಮೇಲೆ ಬಯೋಡೀಸೆಲ್, ತಳದಲ್ಲಿ ಮಂದವಾದ ಗ್ಲಿಸರಿನ್. ನೂರು ಕೆಜಿ ಎಣ್ಣೆಗೆ ಹತ್ತು ಕೆಜಿಯಷ್ಟು ಬರುವ ಈ ಗ್ಲಿಸರಿನ್ ಸಾಬೂನಿಗಾಗುತ್ತದೆ. ಹಿಂಡಿಯನ್ನು ಮೊದಲು ಗೋಬರ್ ಗ್ಯಾಸ್ ಗುಂಡಿಗೆ ಹಾಕಿ ಆಮೇಲೆ ಹೊಲಕ್ಕೆ ಚೆಲ್ಲಬಹುದು: ಒಲೆಗೂ ಆಯಿತು, ಬೆಳೆಗೂ ಆಯಿತು. ಬೀಜದ ಮುಕ್ಕಾಲು ಪಾಲು ಹಿಂಡಿಯೇ ಆಗಿರುವಾಗ ಅದನ್ನು ಉಪಉತ್ಪನ್ನ ಎನ್ನುವುದೇ ತಮಾಷೆ.

2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2017ರ ಹೊತ್ತಿಗೆ ಡೀಸೆಲ್‌ಗೆ ಶೇ 20ರಷ್ಟು ಬಯೋಡೀಸೆಲ್ ಬೆರೆಸುವ ಕನಸು ಕಂಡಿತು. ಶೇ 1 ಕೂಡ ಮುಟ್ಟಲಿಲ್ಲ. ಮರ ಫಲಕ್ಕೆ ಬರಲು ವರ್ಷಗಳು ಬೇಕು, ಬೀಜ ಆಯುವ ಕೂಲಿ ಕಾಯುವುದಿಲ್ಲ.

ಅಷ್ಟರಲ್ಲಿ ಹೊಲವೇ ಬದಲಾಗಿತ್ತು. ಆಲೂಗಡ್ಡೆಗೆ ಅಂಗಮಾರಿ ಬಡಿದ ಮೇಲೆ ಹಾಸನದ ಅನೇಕ ರೈತರು ಮುಸುಕಿನ ಜೋಳಕ್ಕೆ ತಿರುಗಿದರು. 2018ರ ಹೊಸ ಜೈವಿಕ ಇಂಧನ ನೀತಿಯ ಬಳಿಕ ದೇಶದ ಜೋಳ ಎಥೆನಾಲ್ ಕಾರ್ಖಾನೆಗಳ ಬಾಗಿಲಿಗೂ ಹೋಯಿತು. ಒಂದು ಕ್ವಿಂಟಲ್‌ಗೆ 38-40 ಲೀಟರ್ ಎಥೆನಾಲ್. ಉಳಿಯುವ 30 ಕೆಜಿಯಷ್ಟು ಒಣ ಗಸಿ ದನಕ್ಕೆ, ಕೋಳಿಗೆ. ಅಮೆರಿಕದಲ್ಲಿ ಆ ಗಸಿಯಿಂದಲೇ ಎಣ್ಣೆ ಬಸಿದು ಬಯೋಡೀಸೆಲ್ ಮಾಡುತ್ತಾರೆ. ಇಲ್ಲಿ ಆ ಗಸಿ ಸೋಯಾ ಹಿಂಡಿಯ ಬೆಲೆ ಇಳಿಸಿದೆ. ಒಂದೇ ತೊಡಕು: ಪಿಷ್ಟ ಹೋದ ಮೇಲೆ ಉಳಿದದ್ದೆಲ್ಲ ಮೂರು ಪಟ್ಟು ದಟ್ಟ, ಕಾಳಿಗೆ ಹಿಡಿದಿದ್ದ ಬೂಷ್ಟಿನ ವಿಷವೂ ಸೇರಿ. ಹಾಗಾಗಿ ಕೋಳಿ ಸಾಕುವವರು ಚೀಲವನ್ನು ತಕ್ಕಡಿಗೆ ಏರಿಸುವ ಮುಂಚೆ ಬಿಚ್ಚಿ ನೋಡಬೇಕು.