ಇಮ್ಯಾಕ್ಯುಲೇಟಾ ಕಾಲೇಜಿನ ಹುಡುಗಿಯರು

ಕನ್ನಡ ಮೇಷ್ಟರಿಗೂ ಚೆಂಡಿಗೂ ಏನು ನಂಟು ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕಂದಪದ್ಯಕ್ಕೆ ಗಣವಿಭಾಗ ಮಾಡಿಸುವುದರಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಕಾಲೇಜಿನ ಮೈದಾನಕ್ಕೂ ನನಗೂ ಇದ್ದ ಸಂಬಂಧ, ತರಗತಿಗೆ ಹೊತ್ತಾದಾಗ ಅದನ್ನು ಅಡ್ಡ ಹಾಯುವುದಷ್ಟೇ ಆಗಿತ್ತು. ಆದರೆ ಕಾಲೇಜುಗಳಲ್ಲಿ ಸಮಿತಿಗಳನ್ನು ರಚಿಸುವಾಗ ಯೋಗ್ಯತೆಗಿಂತ ಬಿಡುವನ್ನೇ ನೋಡುವ ವಾಡಿಕೆಯುಂಟು. ಆ ವಾಡಿಕೆಯ ಕೃಪೆಯಿಂದ ಒಂದು ವರ್ಷ ನಾನು ಕ್ರೀಡಾ ಸಮಿತಿಯ ಸಂಚಾಲಕನಾದೆ.

ಆ ವರ್ಷ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ವಲಯದ ಪಂದ್ಯಗಳನ್ನು ಗೆದ್ದು, ಅಂತರ ವಲಯ ಪಂದ್ಯಾವಳಿಗೆ ಆಯ್ಕೆಯಾಯಿತು. ಪಂದ್ಯ ದೂರದ ಊರಿನಲ್ಲಿ. ಖರ್ಚಿನ ಕಡತ ನನ್ನ ಮೇಜಿಗೆ ಬಂದಾಗ ಆ ವರ್ಷದ ಕ್ರೀಡಾ ನಿಧಿಯಲ್ಲಿ ಉಳಿದಿದ್ದುದು ಅತ್ಯಲ್ಪ. “ಮುಂದಿನ ವರ್ಷ ಪರಿಶೀಲಿಸಬಹುದು” ಎಂದು ಷರಾ ಬರೆದೆ. ಸಾಯಂಕಾಲ ತಂಡದ ನಾಯಕಿ ಬಂದು ಬಾಗಿಲಲ್ಲಿ ನಿಂತಳು. “ಸರ್, ಬಸ್ ಚಾರ್ಜು ನಾವೇ ಹಾಕ್ಕೋತೀವಿ. ಅನುಮತಿ ಪತ್ರಕ್ಕೆ ನೀವು ಒಂದು ರುಜು ಹಾಕಿದ್ರೆ ಸಾಕು” ಎಂದಳು. ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ನಾನು ಹೇಳಿದೆ. ಅವಳು ವಾದಿಸಲಿಲ್ಲ; “ಆಗಲಿ ಸರ್” ಎಂದು ಹೊರಟುಹೋದಳು. ಅವಳು ಅಂತಿಮ ವರ್ಷದ ವಿದ್ಯಾರ್ಥಿನಿ, ಅವಳ ಪಾಲಿಗೆ “ಮುಂದಿನ ವರ್ಷ” ಎಂಬುದೇ ಇಲ್ಲ ಎಂಬುದು ನನಗೆ ಹೊಳೆದುದು ಮನೆಗೆ ಬಂದು ಊಟಕ್ಕೆ ಕುಳಿತಾಗ.

ಈ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುದರಿಂದಲೇ ನಾನು ಈ ಆಟದ ಚರಿತ್ರೆಯನ್ನು ಓದತೊಡಗಿದುದು. ಓದುತ್ತ ಹೋದಂತೆ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಒಂದು ಸಣ್ಣ ಹೆಣ್ಣುಮಕ್ಕಳ ಕಾಲೇಜು, ಅದರ 1971–72ರ ಒಂದೇ ಒಂದು ಆಟದ ಋತು, ನನ್ನನ್ನು ಹಿಡಿದು ನಿಲ್ಲಿಸಿತು. ಆ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅದಕ್ಕೆ ಮೊದಲು ಹಿನ್ನೆಲೆಯ ಎರಡು ಮಾತು. ಬಾಸ್ಕೆಟ್‌ಬಾಲ್ ಬೇರೆ ಆಟಗಳಂತೆ ಕಾಲಾಂತರದಲ್ಲಿ ತಾನಾಗಿ ಬೆಳೆದುದಲ್ಲ. ಒಬ್ಬ ಉಪಾಧ್ಯಾಯ ಕುಳಿತು ಯೋಚಿಸಿ ಕಟ್ಟಿದ ಆಟ. ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್, 1891ರ ಡಿಸೆಂಬರಿನ ಚಳಿಯಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಹೊಡೆಸಿ ಇದನ್ನು ಆರಂಭಿಸಿದ. ಹತ್ತಿರದಲ್ಲೇ ಇದ್ದ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಎಂಬಾಕೆ ಬೇಗನೆ ಅದನ್ನು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. 1893ರ ಮಾರ್ಚಿಯಲ್ಲಿ ಅಲ್ಲಿ ಮೊದಲ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ.

ಹೆಣ್ಣುಮಕ್ಕಳು ದಣಿಯಬಾರದು, ಮೈಗೆ ಮೈ ತಾಕಿಸಬಾರದು ಎಂದು ಬೆರೆನ್ಸನ್ ಅಂಕಣವನ್ನು ಮೂರು ಪಾಲು ಮಾಡಿ, ಒಂದು ಪಾಲಿನವರು ಇನ್ನೊಂದಕ್ಕೆ ಕಾಲಿಡದಂತೆ ನಿಯಮ ಮಾಡಿದಳು. ಒಬ್ಬರ ಕೈಯಿಂದ ಚೆಂಡನ್ನು ಕಸಿಯುವುದೂ ನಿಷಿದ್ಧ. ಅಂದಿನ ಸಮಾಜದಲ್ಲಿ ಹುಡುಗಿಯರು ಆಡಲು ಆಕೆ ಕಂಡುಕೊಂಡ ಉಪಾಯವಿದು; ಆದ್ದರಿಂದ ಅವಳನ್ನು ದೂರುವಂತಿಲ್ಲ. ಆದರೆ ಉಪಾಯಕ್ಕಾಗಿ ಎಳೆದ ಗೆರೆ ಕಾಲಕ್ರಮದಲ್ಲಿ ಶಾಸ್ತ್ರವಾಗುವುದು ಲೋಕರೂಢಿ. ಮೂರು ಪಾಲು ಮುಂದೆ ಎರಡಾಯಿತೇ ಹೊರತು ಗೆರೆ ಅಳಿಯಲಿಲ್ಲ. ಪೂರ್ತಿ ಅಂಕಣದಲ್ಲಿ ಐದೈದು ಜನ ಓಡಿ ಆಡುವ ಆಟ ಹೆಣ್ಣುಮಕ್ಕಳಿಗೆ ಅಧಿಕೃತವಾಗಿ ದೊರೆತುದು 1971ರಲ್ಲಿ. ಎಂಟು ಹತ್ತು ಗಜದ ಆ ನೆಲವನ್ನು ದಾಟಲು ಹೆಚ್ಚು ಕಡಿಮೆ ಎಂಬತ್ತು ವರ್ಷ ಹಿಡಿಯಿತು!

ಅದೇ 1971ರಲ್ಲಿ ಇನ್ನೊಂದು ಕೆಲಸವೂ ಆಯಿತು. ಮಹಿಳೆಯರ ಅಂತರ ಕಾಲೇಜು ಕ್ರೀಡೆಗಳಿಗಾಗಿ ಎ.ಐ.ಎ.ಡಬ್ಲ್ಯೂ. ಎಂಬ ಸಂಘ ಸ್ಥಾಪಿತವಾಯಿತು; ಅದನ್ನು ಕಟ್ಟಿ ನಡೆಸಿದವರೂ ಮಹಿಳೆಯರೇ. ಇಲ್ಲಿ ಅಮೆರಿಕದ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಅಲ್ಲಿನ ಕಾಲೇಜು ಆಟಗಳಲ್ಲಿ ‘ಕಾನ್ಫರೆನ್ಸ್’ ಎಂಬ ಮಾತು ಬಹಳ ಬಳಕೆಯಲ್ಲಿದೆ. ಅದು ನಮ್ಮಲ್ಲಿನಂತೆ ಭಾಷಣ, ಹಾರ, ವಂದನಾರ್ಪಣೆಗಳ ಸಮ್ಮೇಳನವಲ್ಲ. ನೆರೆಹೊರೆಯ ಕೆಲವು ಕಾಲೇಜುಗಳು ಸೇರಿ ಮಾಡಿಕೊಂಡ ಕೂಟ. ಕೂಟದ ಕಾಲೇಜುಗಳು ಚಳಿಗಾಲದುದ್ದಕ್ಕೂ ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ ಪಂದ್ಯವಾಡುತ್ತವೆ. ಹೀಗೆ ವರ್ಷ ವರ್ಷ ಅದೇ ಮುಖಗಳನ್ನು ಎದುರಿಸುವುದರಿಂದ ಸ್ನೇಹವೂ ಮತ್ಸರವೂ ಒಟ್ಟಿಗೆ ಬಲಿಯುತ್ತವೆ. ಗಂಡಸರ ಆಟಕ್ಕೆ ಇಂತಹ ಕೂಟಗಳ ಆಸರೆ ಹಿಂದಿನಿಂದಲೂ ಇತ್ತು. ಹೆಣ್ಣುಮಕ್ಕಳಿಗೆ ಆಗ ಅದು ಹೆಚ್ಚಾಗಿ ಇರಲಿಲ್ಲ. ಆಸುಪಾಸಿನ ಕಾಲೇಜುಗಳು ತಾವೇ ಗೊತ್ತುಮಾಡಿಕೊಂಡು ಆಡುವುದು, ಅಲ್ಲಿಂದ ಪ್ರಾದೇಶಿಕ ಪಂದ್ಯಾವಳಿ, ಅಲ್ಲಿಂದ ರಾಷ್ಟ್ರೀಯ ಪಂದ್ಯಾವಳಿ, ಇದು ಆ ಸಂಘದ ಏರ್ಪಾಡು. ಅದರ ಮೊದಲನೆಯ ಋತುವೇ 1971–72.

ಇಮ್ಯಾಕ್ಯುಲೇಟಾ ಕಾಲೇಜು ಫಿಲಡೆಲ್ಫಿಯ ನಗರದ ಪಶ್ಚಿಮಕ್ಕಿದೆ. ಕ್ಯಾಥೊಲಿಕ್ ಸಂನ್ಯಾಸಿನಿಯರು 1920ರಲ್ಲಿ ತೆರೆದ ವಿದ್ಯಾಸಂಸ್ಥೆ. 1970ರಲ್ಲಿ ಕ್ಯಾತಿ ರಷ್ ಎಂಬ ಇಪ್ಪತ್ತೆರಡು ಇಪ್ಪತ್ಮೂರರ ತರುಣಿ ಅಲ್ಲಿಗೆ ಬಾಸ್ಕೆಟ್‌ಬಾಲ್ ಶಿಕ್ಷಕಿಯಾಗಿ ಬಂದಳು. ಸಂಬಳ ವರ್ಷಕ್ಕೆ 450 ಡಾಲರು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಾವು ಗಾದೆ ಹೇಳುತ್ತೇವೆ. ಇಲ್ಲಿ ದೂರಲು ನೆಲವೇ ಇರಲಿಲ್ಲ. ಕಾಲೇಜಿನ ಆಟದ ಕಟ್ಟಡ 1967ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಸಂನ್ಯಾಸಿನಿಯರ ಮಠದ ಆವರಣದಲ್ಲಿದ್ದ ಒಂದು ಸಣ್ಣ ವ್ಯಾಯಾಮಶಾಲೆಯಲ್ಲಿ ಹುಡುಗಿಯರು ಅಭ್ಯಾಸ ಮಾಡಬೇಕಾಗಿತ್ತು. ತೊಡುತ್ತಿದ್ದುದು ನೆರಿಗೆ ಹೊಲಿದ ಉಣ್ಣೆಯ ನೀಲಿ ನಿಲುವಂಗಿ. ಅದನ್ನು ತೊಟ್ಟು ಓಡುವುದೇ ಒಂದು ವ್ಯಾಯಾಮ.

ತಂಡದ ಮುಖ್ಯ ಆಟಗಾರ್ತಿ ತೆರೀಸಾ ಷಾಂಕ್, ಎತ್ತರದ ಹುಡುಗಿ. ಅವಳು ಬೇರೆ ಕಾಲೇಜು ಸೇರಬೇಕಾಗಿದ್ದವಳು. ಅವಳ ಮನೆಗೂ ಬೆಂಕಿ ಬಿದ್ದುದರಿಂದ ಹೆತ್ತವರನ್ನು ಬಿಟ್ಟು ದೂರ ಹೋಗದೆ ಹತ್ತಿರದ ಇಮ್ಯಾಕ್ಯುಲೇಟಾಕ್ಕೆ ಬಂದಳು. ಇವರ ಪಂದ್ಯಗಳಿಗೆ ಸಂನ್ಯಾಸಿನಿಯರೇ ಮುಖ್ಯ ಪ್ರೇಕ್ಷಕರು. ಒಬ್ಬ ಆಟಗಾರ್ತಿಯ ತಂದೆಗೆ ಕಬ್ಬಿಣದ ಸಾಮಾನಿನ ಅಂಗಡಿ. ಅವರು ತಂದುಕೊಟ್ಟ ತಗಡಿನ ಬಕೆಟ್ಟುಗಳನ್ನು ಕೋಲಿನಿಂದ ಬಡಿಯುತ್ತ ಆ ಸಂನ್ಯಾಸಿನಿಯರು ತಂಡವನ್ನು ಹುರಿದುಂಬಿಸುತ್ತಿದ್ದರು. ಜಪಮಾಲೆ ಹಿಡಿದ ಕೈಗಳು ಬಕೆಟ್ಟು ಬಡಿಯುವ ಆ ಸದ್ದನ್ನು ಎಣಿಸಿಕೊಂಡರೆ ನನಗೆ ನಮ್ಮ ಊರ ಜಾತ್ರೆಯ ತಮಟೆ ನೆನಪಾಗುತ್ತದೆ.

ಆ ಋತುವಿನಲ್ಲಿ ನೆರೆಹೊರೆಯ ಯಾವ ಕಾಲೇಜಿಗೂ ಇವರು ಸೋಲಲಿಲ್ಲ. ಆದರೆ ನಿಜವಾದ ಪ್ರತಿಸ್ಪರ್ಧಿ ಕೆಲವೇ ಮೈಲಿ ದೂರದಲ್ಲಿತ್ತು. ವೆಸ್ಟ್ ಚೆಸ್ಟರ್ ಕಾಲೇಜು ಸರ್ಕಾರದ ದೊಡ್ಡ ಸಂಸ್ಥೆ. ವ್ಯಾಯಾಮ ಶಿಕ್ಷಕರನ್ನು ತಯಾರುಮಾಡುವುದರಲ್ಲಿ ಹೆಸರಾದುದು. ಮಹಿಳೆಯರ ಮೊದಲ ರಾಷ್ಟ್ರೀಯ ಆಹ್ವಾನ ಪಂದ್ಯಾವಳಿಯನ್ನು 1969ರಲ್ಲಿ ಅಲ್ಲಿನ ಶಿಕ್ಷಕಿ ಕ್ಯಾರಲ್ ಎಕ್ಮನ್ ಏರ್ಪಡಿಸಿದ್ದಳು, ಅವಳ ತಂಡವೇ ಅದನ್ನು ಗೆದ್ದಿತ್ತು. ಕ್ಯಾತಿ ರಷ್ ಸ್ವತಃ ಓದಿದುದೂ ಅಲ್ಲಿಯೇ. ಪ್ರಾದೇಶಿಕ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಈ ಇಬ್ಬರು ನೆರೆಯವರೂ ಎದುರಾದರು. ಇಮ್ಯಾಕ್ಯುಲೇಟಾ ಸೋತಿತು, ಸೋಲೆಂದರೆ ಸಾಮಾನ್ಯವಾದುದಲ್ಲ, 70ಕ್ಕೆ 38.

ಆದರೂ ಎರಡನೆಯ ಸ್ಥಾನದ ಬಲದಿಂದ ರಾಷ್ಟ್ರೀಯ ಪಂದ್ಯಾವಳಿಗೆ ಕರೆ ಬಂದಿತು. ಸ್ಥಳ ಇಲಿನಾಯ್ ಪ್ರಾಂತದ ನಾರ್ಮಲ್ ಎಂಬ ಊರು. ಬಂದ ಹದಿನಾರು ತಂಡಗಳಲ್ಲಿ ಇವರಿಗೆ ಕೊಟ್ಟ ಶ್ರೇಯಾಂಕ ಹದಿನೈದು. ಹೋಗಲು ಹಣವೆಲ್ಲಿ? ಹುಡುಗಿಯರು ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಕಾಸು ಕೂಡಿಸಿದರು. ಎಷ್ಟು ಕೂಡಿಸಿದರೂ ಎಂಟು ಜನರಿಗಷ್ಟೇ ಸಾಕಾಯಿತು. ಉಳಿದವರನ್ನು ಊರಲ್ಲಿ ಬಿಟ್ಟು, ವಿಮಾನದಲ್ಲಿ ಖಾಲಿ ಉಳಿದರೆ ಮಾತ್ರ ಕೊಡುವ ಅಗ್ಗದ ಟಿಕೆಟ್ಟು ಹಿಡಿದು ಕಾದು ಕುಳಿತು, ಈ ಎಂಟು ಹುಡುಗಿಯರು ಶಿಕ್ಷಕಿಯೊಡನೆ ಹೊರಟರು. ಊರಲ್ಲೇ ಉಳಿದ ಹುಡುಗಿಯರ ವಿಷಯ ಬರೆದವರು ಕಡಮೆ. ನನಗಂತೂ ಓದುವಾಗ ಅವರದೇ ಯೋಚನೆಯಾಯಿತು.

ಅಲ್ಲಿ ನಡೆದುದು ಯಾರೂ ನಿರೀಕ್ಷಿಸದ ಸಂಗತಿ. ಮೊದಲು ದಕ್ಷಿಣ ಡಕೋಟದ ತಂಡವನ್ನು 60–47ರಲ್ಲಿ ಸೋಲಿಸಿದರು. ಬಳಿಕ ಇಂಡಿಯಾನ ಸ್ಟೇಟನ್ನು ಒಂದೇ ಬುಟ್ಟಿಯ ಅಂತರದಿಂದ, 49–47ರಲ್ಲಿ ದಾಟಿದರು. ಉಪಾಂತ್ಯದಲ್ಲಿ ಎದುರಾದುದು ಹಿಂದಿನ ವರ್ಷ ಗೆದ್ದಿದ್ದ ಮಿಸಿಸಿಪ್ಪಿಯ ಮಹಿಳಾ ಕಾಲೇಜು. ಅದನ್ನೂ 46–43ರಲ್ಲಿ ಗೆದ್ದರು. ಅಂತಿಮ ಪಂದ್ಯಕ್ಕೆ ಬಂದು ನೋಡಿದರೆ ಎದುರಿಗೆ ನಿಂತವರು ಬೇರೆ ಯಾರೂ ಅಲ್ಲ, ಅದೇ ವೆಸ್ಟ್ ಚೆಸ್ಟರ್! ಊರ ಪಕ್ಕದವರ ಜಗಳವನ್ನು ತೀರಿಸಿಕೊಳ್ಳಲು ಅರ್ಧ ದೇಶ ದಾಟಿ ಬಂದಂತಾಯಿತು. ಕೆಲವೇ ದಿನಗಳ ಹಿಂದೆ 32 ಅಂಕಗಳ ಅಂತರದಲ್ಲಿ ಇವರನ್ನು ಹೊಡೆದು ಹಾಕಿದ್ದ ತಂಡವದು. 1972ರ ಮಾರ್ಚ್ 19ರಂದು ಇಮ್ಯಾಕ್ಯುಲೇಟಾ ಅದನ್ನು 52–48ರಲ್ಲಿ ಸೋಲಿಸಿತು. ಅದರಲ್ಲಿ 26 ಅಂಕಗಳು, ಎಂದರೆ ಸರಿಯಾಗಿ ಅರ್ಧ, ತೆರೀಸಾ ಷಾಂಕಳವು. ಫಿಲಡೆಲ್ಫಿಯದ ವಿಮಾನ ನಿಲ್ದಾಣದಲ್ಲಿ ಇವರನ್ನು ಎದುರುಗೊಳ್ಳಲು ಜನ ಗುಂಪುಗೂಡಿದ್ದರು.

ಚರಿತ್ರೆಯ ರೀತಿ ವಿಚಿತ್ರವಾದುದು. ಇದಾದ ಮೂರು ತಿಂಗಳಿಗೆ, 1972ರ ಜೂನ್ 23ರಂದು, ಅಮೆರಿಕದಲ್ಲಿ ‘ಟೈಟಲ್ ನೈನ್’ ಎಂಬ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ನರ ಸಹಿ ಬಿತ್ತು. ಅದಕ್ಕಾಗಿ ದುಡಿದವರಲ್ಲಿ ಈಡಿತ್ ಗ್ರೀನ್, ಪ್ಯಾಟ್ಸಿ ಮಿಂಕ್ ಮುಖ್ಯರು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾ ಕಾರ್ಯಕ್ರಮದಿಂದಲೂ ಹೆಣ್ಣೆಂಬ ಅಥವಾ ಗಂಡೆಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು ಎಂಬುದು ಅದರ ತಾತ್ಪರ್ಯ. ಆ ವಾಕ್ಯದಲ್ಲಿ ಆಟದ ಹೆಸರೇ ಇಲ್ಲ. ಆದರೂ ಅದು ಹೆಚ್ಚಾಗಿ ಬದಲಾಯಿಸಿದ ಸ್ಥಳಗಳಲ್ಲಿ ಆಟದ ಮೈದಾನವೂ ಒಂದು.

ಇಮ್ಯಾಕ್ಯುಲೇಟಾ 1973ರಲ್ಲಿಯೂ 1974ರಲ್ಲಿಯೂ ಗೆದ್ದು ಸತತವಾಗಿ ಮೂರು ವರ್ಷ ಪ್ರಶಸ್ತಿ ಪಡೆಯಿತು. 1975ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕ್ವೀನ್ಸ್ ಕಾಲೇಜಿನೊಡನೆ ಆಡಿದಾಗ ಹೆಚ್ಚು ಕಡಿಮೆ ಹನ್ನೆರಡು ಸಾವಿರ ಜನ ನೋಡಲು ಬಂದಿದ್ದರು. ಅಲ್ಲಿಗೆ ಏರುದಾರಿ ಮುಗಿಯಿತು. 1973ರಿಂದ ಹೆಣ್ಣು ಆಟಗಾರ್ತಿಯರಿಗೂ ವಿದ್ಯಾರ್ಥಿವೇತನ ಕೊಡುವ ಪದ್ಧತಿ ಬಂದಿತ್ತು. ಹೊಸ ಶಾಸನಕ್ಕೆ ತಲೆಬಾಗಿ ದೊಡ್ಡ ವಿಶ್ವವಿದ್ಯಾಲಯಗಳೂ ಹಣದ ಚೀಲ ಬಿಚ್ಚತೊಡಗಿದವು. ಬ್ರಷ್ಷು ಮಾರುವ ಕಾಲೇಜು ಅವುಗಳೊಡನೆ ಎಷ್ಟು ದಿನ ಸೆಣಸೀತು? 1975, 1976ರ ಎರಡು ಅಂತಿಮ ಪಂದ್ಯಗಳಲ್ಲಿಯೂ ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ತಂಡದ ಮುಂದೆ ಇಮ್ಯಾಕ್ಯುಲೇಟಾ ಸೋತಿತು. 1977ರಲ್ಲಿ ಕ್ಯಾತಿ ರಷ್ ಕೆಲಸ ಬಿಟ್ಟಳು. ಎಲ್ಲ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದ ಶಾಸನವೇ ಈ ಸಣ್ಣ ಕಾಲೇಜನ್ನು ಹೊರಗೆ ನಿಲ್ಲಿಸಿದಂತಾಯಿತು.

ಮಹಿಳೆಯರೇ ಕಟ್ಟಿದ್ದ ಸಂಘಕ್ಕೂ ಇದೇ ಗತಿ ಬಂತು. ಗಂಡಸರ ಕ್ರೀಡೆಗಳನ್ನು ನಡೆಸುತ್ತಿದ್ದ ಎನ್.ಸಿ.ಎ.ಎ. ಸಂಸ್ಥೆ 1982ರಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಆರಂಭಿಸಿತು. ದೊಡ್ಡ ಕಾಲೇಜುಗಳೆಲ್ಲ ಹೆಚ್ಚಾಗಿ ಅತ್ತ ಸರಿದವು. ಅದೇ ವರ್ಷ ಹಳೆಯ ಸಂಘದ ಕೊನೆಯ ಪಂದ್ಯ ಫಿಲಡೆಲ್ಫಿಯದಲ್ಲಿ ನಡೆಯಿತು. ಅದನ್ನು ಗೆದ್ದುದು ರಟ್‌ಗರ್ಸ್ ವಿಶ್ವವಿದ್ಯಾಲಯ. ಆ ತಂಡದ ಶಿಕ್ಷಕಿ ಯಾರು? ಹತ್ತು ವರ್ಷದ ಹಿಂದೆ ಮೊದಲ ಪ್ರಶಸ್ತಿಯನ್ನು ಗೆದ್ದುಕೊಟ್ಟ ತೆರೀಸಾ ಷಾಂಕ್! ಸಂಘದ ಮೊದಲ ದೀಪ ಹಚ್ಚಿದ ಕೈಯೇ ಕೊನೆಯ ದೀಪವನ್ನೂ ಹಚ್ಚಿತು.

ಈಗ ಹೆಣ್ಣುಮಕ್ಕಳ ಆಟಕ್ಕೂ ಬಲವಾದ ಕಾನ್ಫರೆನ್ಸುಗಳಿವೆ, ಹಣವಿದೆ, ಪ್ರೇಕ್ಷಕರಿದ್ದಾರೆ. 2024ರಲ್ಲಿ ಮಹಿಳೆಯರ ಅಂತಿಮ ಪಂದ್ಯವನ್ನು ಟೆಲಿವಿಷನ್ನಿನಲ್ಲಿ ನೋಡಿದ ಅಮೆರಿಕನ್ನರ ಸಂಖ್ಯೆ 1 ಕೋಟಿ 80 ಲಕ್ಷವನ್ನು ಮೀರಿ, ಪುರುಷರ ಪಂದ್ಯದ ಸಂಖ್ಯೆಯನ್ನು ಹಿಂದೆ ಹಾಕಿತು. ಲಾಭದೊಡನೆ ನಷ್ಟವೂ ಇದೆ. 1972ರಲ್ಲಿ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಶಿಕ್ಷಕರು. ಸಂಬಳ ಏರಿದಮೇಲೆ ಆ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. 450 ಡಾಲರಿನ ಕೆಲಸಕ್ಕೆ ಗಂಡಸರು ಅರ್ಜಿ ಹಾಕುತ್ತಿರಲಿಲ್ಲ! ಇಮ್ಯಾಕ್ಯುಲೇಟಾದ ಆ ಮೂರು ವರ್ಷದ ತಂಡವನ್ನು 2014ರಲ್ಲಿ ನೈಸ್ಮಿತ್ತನ ಹೆಸರಿನ ಕೀರ್ತಿಭವನಕ್ಕೆ ಸೇರಿಸಿದರು. ಆ ವೇಳೆಗೆ ಆ ಹುಡುಗಿಯರು ಅರುವತ್ತರ ಆಸುಪಾಸಿನ ಹೆಂಗಸರಾಗಿದ್ದರು.

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಹದಿನೈದನೆಯ ಶ್ರೇಯಾಂಕದ ತಂಡ ಗೆದ್ದುದು ದೊಡ್ಡದೇ. ಆದರೆ ಅದಕ್ಕಿಂತ ಮೊದಲು ಯಾರೋ ಅವರನ್ನು ಹೊರಡಲು ಬಿಟ್ಟರಲ್ಲ, ಅದೂ ಸಣ್ಣದಲ್ಲ. 70–38ರಲ್ಲಿ ಸೋತುಬಂದವರಿಗೆ, ಕೈಯಲ್ಲಿ ಕಾಸಿಲ್ಲದವರಿಗೆ, “ಮುಂದಿನ ವರ್ಷ ಪರಿಶೀಲಿಸಬಹುದು” ಎಂದು ಆ ಕಾಲೇಜಿನ ಹಿರಿಯ ಸಂನ್ಯಾಸಿನಿಯರು ಹೇಳಿದ್ದರೆ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ; ಲೆಕ್ಕಪತ್ರವೂ ಅಚ್ಚುಕಟ್ಟಾಗಿರುತ್ತಿತ್ತು.

ನಮ್ಮ ಕಾಲೇಜಿನ ಆ ನಾಯಕಿ ಈಗ ಎಲ್ಲಿದ್ದಾಳೋ ನಾನರಿಯೆ. ಅವಳು ಹೋಗಿದ್ದರೆ ಗೆಲ್ಲುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಬಹುಶಃ ಮೊದಲ ಪಂದ್ಯದಲ್ಲೇ ಸೋತು ಮರುದಿನ ಬಸ್ಸು ಹತ್ತುತ್ತಿದ್ದಳು. ಸೋಲುವ ಆ ಅವಕಾಶವನ್ನೂ ನಾನು ಅವಳಿಗೆ ಕೊಡಲಿಲ್ಲ. ಈ ವರ್ಷ ಮತ್ತೆ ಸಮಿತಿಗಳನ್ನು ರಚಿಸುತ್ತಿದ್ದಾರೆ. ಗ್ರಂಥಾಲಯ ಸಮಿತಿ ನನ್ನ ವಿಷಯಕ್ಕೆ ಹೊಂದುತ್ತದೆಂದು ಸಹೋದ್ಯೋಗಿಗಳು ಹೇಳಿದರು. ಹೊಂದುತ್ತದೆ, ನಿಜ. ನಾನು ಪ್ರಾಂಶುಪಾಲರ ಬಳಿಗೆ ಹೋಗಿ ಕ್ರೀಡಾ ಸಮಿತಿಗೇ ನನ್ನ ಹೆಸರು ಬರೆಸಿ ಬಂದಿದ್ದೇನೆ.